ಪ್ಯಾರಿಸ್ಸೋ ಮಿಲಾನೋ: ಮೊದಲು ಕ್ಯಾಲೆಂಡರ್ ನೋಡಿ

ಲಂಡನ್ನಿನ ದೊಡ್ಡ ಹೂಡಿಕೆ ಬ್ಯಾಂಕುಗಳು ಮುಂದಿನ ಬೇಸಿಗೆಗೆ ಬೇಕಾದ ಇಂಟರ್ನ್‌ಗಳನ್ನು ಆರಿಸುವ ಕೆಲಸವನ್ನು ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರಿನಲ್ಲೇ ಶುರು ಮಾಡುತ್ತವೆ. ಕೊನೆಯ ದಿನಾಂಕಕ್ಕೆ ಕಾಯದೆ, ಅರ್ಜಿ ಬಂದ ಹಾಗೆಲ್ಲ ನೋಡಿ ಜಾಗ ತುಂಬಿಸಿಕೊಳ್ಳುವ ಬ್ಯಾಂಕುಗಳು ಬೇಕಾದಷ್ಟಿವೆ. ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಯುರೋಪಿಗೆ ಹೋಗಿ ಇಳಿದ ವಿದ್ಯಾರ್ಥಿನಿ ಬಾಡಿಗೆ ಕೋಣೆ ಹುಡುಕುತ್ತ, ಬ್ಯಾಂಕ್ ಖಾತೆಗೆ ಅಲೆಯುತ್ತ, ವಾಸದ ಪರವಾನಗಿಗೆ ಕಾಗದಪತ್ರ ಹೊಂದಿಸುತ್ತ ಇರುತ್ತಾಳೆ. ಮೊದಲ ತಿಂಗಳ ಪಾಠ ಮುಗಿಯುವ ಹೊತ್ತಿಗೆ, ಯಾವ ಕೆಲಸಕ್ಕಾಗಿ ಸಾಲ ಮಾಡಿ ಬಂದಳೋ ಆ ಕೆಲಸದ ಮೊದಲ ಸುತ್ತು ಅರ್ಧಕ್ಕರ್ಧ ಮುಗಿದಿರುತ್ತದೆ.

ಯುರೋಪಿನಲ್ಲಿ ಫೈನಾನ್ಸ್ ಮಾಸ್ಟರ್ಸ್ ಓದಲು ಹೊರಟವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇದು. ಮನೆಗಳಲ್ಲಿ ನಡೆಯುವ ಚರ್ಚೆ ಮಾತ್ರ ಬೇರೆಯೇ ಇರುತ್ತದೆ. ಪ್ಯಾರಿಸ್ಸಿನ ಎಚ್‌ಇಸಿಯಿಂದಲೂ ಮಿಲಾನಿನ ಬೊಕೋನಿಯಿಂದಲೂ ಆಫರ್ ಬಂದಿದೆ. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ ಫೀಸು ಕಡಿಮೆಯಂತೆ. ಲಂಡನ್ ಆದರೆ ಭಾಷೆಯ ತೊಂದರೆಯಿಲ್ಲ. ಚಿಕ್ಕಪ್ಪನ ಮಗ ಫ್ರಾಂಕ್‌ಫರ್ಟಿನಲ್ಲಿದ್ದಾನೆ. ಮಾತು ಎಲ್ಲೂ ನಿಲ್ಲದಿದ್ದಾಗ ರ್‍ಯಾಂಕಿಂಗ್ ಪಟ್ಟಿ ತೆಗೆದು, ಯಾವ ಹೆಸರು ಮೇಲಿದೆಯೋ ಅಲ್ಲಿಗೆ ಡೆಪಾಸಿಟ್ ಕಟ್ಟುತ್ತಾರೆ. ಮನೆಯೊಂದರ ಹತ್ತು ವರ್ಷದ ಉಳಿತಾಯ ಹೋಗುವ ತೀರ್ಮಾನಕ್ಕೆ ಆ ಪಟ್ಟಿ ಸಾಲದು. ಕೋರ್ಸು ಎಷ್ಟು ತಿಂಗಳಿನದು, ಅದರ ನಡುವೆ ಇಂಟರ್ನ್‌ಶಿಪ್ಪಿಗೆ ಜಾಗ ಎಲ್ಲಿದೆ, ಓದು ಮುಗಿದ ಮೇಲೆ ಆ ದೇಶ ಎಷ್ಟು ದಿನ ಇರಗೊಡುತ್ತದೆ ಎಂಬುದನ್ನು ನೋಡಿದರೆ ಪಟ್ಟಿ ತಾನಾಗಿ ಅರ್ಧಕ್ಕೆ ಇಳಿಯುತ್ತದೆ.

ಇಂಥ ಕೋರ್ಸುಗಳು ಯುರೋಪಿನಲ್ಲಿ ಇಷ್ಟು ಬೆಳೆದದ್ದು 1999ರ ನಂತರ. ಆ ವರ್ಷ 29 ದೇಶಗಳು ಇಟಲಿಯ ಬೊಲೋನ್ಯಾದಲ್ಲಿ ಸೇರಿ ತಮ್ಮ ಪದವಿಗಳನ್ನು ಒಂದೇ ಅಳತೆಗೆ ತರಲು ಒಪ್ಪಿದವು. ಅಲ್ಲಿಯವರೆಗೆ ಜರ್ಮನಿ, ಇಟಲಿಗಳಲ್ಲಿ ನಾಲ್ಕೈದು ವರ್ಷದ ಒಂದೇ ಉದ್ದ ಪದವಿ ಇತ್ತು. ಅದು ಒಡೆದು, ಮೊದಲು ಬ್ಯಾಚುಲರ್, ಆಮೇಲೆ ಮಾಸ್ಟರ್ಸ್ ಎಂಬ ಎರಡು ಹಂತವಾಯಿತು. ಕೆಲಸದ ಅನುಭವವೇ ಇಲ್ಲದವರಿಗೆ ಫೈನಾನ್ಸ್ ಕಲಿಸುವ ಮಾಸ್ಟರ್ಸ್‌ಗೆ ದೊಡ್ಡ ಮಾರುಕಟ್ಟೆ ತೆರೆಯಿತು. ನಮ್ಮ ಮೂರು ವರ್ಷದ ಬಿ.ಕಾಂ. ಪದವಿಗೆ ಅಲ್ಲಿ ಅನೇಕ ಕಡೆ ಮನ್ನಣೆ ಸಿಗುವುದು ಇದರಿಂದಲೇ. ಒಂದು ವರ್ಷದ ಓದಿಗೆ 60 ಕ್ರೆಡಿಟ್ ಎಂಬ ಲೆಕ್ಕವೂ ಸಾರ್ವತ್ರಿಕವಾಯಿತು. ಆದರೆ ಮಾಸ್ಟರ್ಸ್ ಅಂದರೆ ಎಷ್ಟು ಕ್ರೆಡಿಟ್ ಎಂಬುದು ಒಂದೇ ಆಗಲಿಲ್ಲ. ಬೊಕೋನಿಯ ಫೈನಾನ್ಸ್ ಮಾಸ್ಟರ್ಸ್ ಎರಡು ವರ್ಷ, 120 ಕ್ರೆಡಿಟ್. ಸೇಂಟ್ ಗ್ಯಾಲನ್‌ನ ಬ್ಯಾಂಕಿಂಗ್ ಮತ್ತು ಫೈನಾನ್ಸ್ ಮಾಸ್ಟರ್ಸ್ ಮೂರು ಸೆಮಿಸ್ಟರಿನದು. ರಾಟರ್‌ಡ್ಯಾಮಿನ ಎರಾಸ್ಮಸ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ. ಆಕ್ಸ್‌ಫರ್ಡಿನ ಫೈನಾನ್ಷಿಯಲ್ ಎಕನಾಮಿಕ್ಸ್ ಒಂಬತ್ತೇ ತಿಂಗಳು.

ಪ್ರಮಾಣಪತ್ರದಲ್ಲಿ ಇವೆಲ್ಲ ಮಾಸ್ಟರ್ಸ್ ಪದವಿಗಳೇ. ಕೆಲಸ ಹುಡುಕುವವಳಿಗೆ ಇವು ಒಂದೇ ಅಲ್ಲ. ಎರಡು ವರ್ಷದ ಕೋರ್ಸಿನ ನಡುವೆ ಒಂದು ಬೇಸಿಗೆ ಸಿಗುತ್ತದೆ, ಆ ಬೇಸಿಗೆಯೇ ಹತ್ತು ವಾರದ ಇಂಟರ್ನ್‌ಶಿಪ್ಪಿನ ಕಾಲ, ಆ ಇಂಟರ್ನ್‌ಶಿಪ್ಪೇ ಕಾಯಂ ನೌಕರಿಗೆ ಹೋಗುವ ಮುಖ್ಯ ದಾರಿ. ಒಂದು ವರ್ಷದ ಕೋರ್ಸಿನಲ್ಲಿ ಆ ಬೇಸಿಗೆಯೇ ಇರುವುದಿಲ್ಲ. ಹಾಗಾಗಿ ಅಂಥ ಕೋರ್ಸು, ಊರಿನಲ್ಲಿದ್ದಾಗಲೇ ಬ್ಯಾಂಕುಗಳಿಗೆ ಅರ್ಜಿ ಹಾಕಿದವರಿಗೆ, ಪದವಿಯಲ್ಲಿದ್ದಾಗಲೇ ಒಳ್ಳೆಯ ಇಂಟರ್ನ್‌ಶಿಪ್ ಮಾಡಿದವರಿಗೆ ಹೇಳಿ ಮಾಡಿಸಿದ್ದು. ಹೋದ ಮೇಲೆ ನೋಡೋಣ ಅನ್ನುವವರಿಗೆ ಅದು ತುಂಬ ಇಕ್ಕಟ್ಟು.

ಬ್ರಿಟನ್ನಿನಲ್ಲಿ ಇದಕ್ಕೊಂದು ಕಾನೂನಿನ ತೊಡಕೂ ಸೇರಿಕೊಂಡಿದೆ. ಅಲ್ಲಿ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಬೇಸಿಗೆ ತಿಂಗಳುಗಳು ಪ್ರೌಢ ಪ್ರಬಂಧಕ್ಕೆ ಮೀಸಲು. ಆದ್ದರಿಂದ ಕ್ಯಾಂಪಸ್ಸು ಖಾಲಿಯಾಗಿದ್ದರೂ ಕಾನೂನಿನ ಕಣ್ಣಿನಲ್ಲಿ ಅದು ರಜೆಯಲ್ಲ. ಪೂರ್ಣಾವಧಿ ಇಂಟರ್ನ್‌ಶಿಪ್ ಮಾಡಬೇಕೆಂದರೆ ಕೋರ್ಸು ಯಾವ ತಿಂಗಳು ಮುಗಿಯುತ್ತದೆ ಎಂಬುದೇ ಮುಖ್ಯವಾಗುತ್ತದೆ. ಜೂನಿನಲ್ಲಿ ಮುಗಿಯುವ ಕೋರ್ಸಿಗೂ ಸೆಪ್ಟೆಂಬರಿನಲ್ಲಿ ಮುಗಿಯುವ ಕೋರ್ಸಿಗೂ ಪಠ್ಯ ಒಂದೇ ಇರಬಹುದು, ಫಲ ಒಂದೇ ಇರುವುದಿಲ್ಲ. ಓದು ಮುಗಿದ ಮೇಲೆ ಎರಡು ವರ್ಷ ಉಳಿದು ದುಡಿಯಲು ಬಿಡುವ ಗ್ರಾಜುಯೇಟ್ ವೀಸಾ 2021ರ ಜುಲೈಯಲ್ಲಿ ಶುರುವಾಯಿತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಈಗ ಆಫರ್ ಹಿಡಿದು ಕೂತವರು ತಮ್ಮ ಪದವಿ ಕೈಗೆ ಬರುವ ತಿಂಗಳನ್ನು ಈ ದಿನಾಂಕದ ಪಕ್ಕದಲ್ಲಿಟ್ಟು ನೋಡಬೇಕು. ಮದುವೆಯಾದವರಿಗೆ ಇನ್ನೊಂದು ಮಾತು: 2024ರ ಜನವರಿಯಿಂದ ಇಂಥ ಮಾಸ್ಟರ್ಸ್ ಓದಲು ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ.

ಫ್ರಾನ್ಸಿನ ರೀತಿಯೇ ಬೇರೆ, ನನಗೆ ಅದು ಹೆಚ್ಚು ಹಿಡಿಸುತ್ತದೆ. ಅಲ್ಲಿ ಇಂಟರ್ನ್‌ಶಿಪ್ಪನ್ನು ‘ಸ್ತಾಜ್’ ಅನ್ನುತ್ತಾರೆ. ಅದು ಬೇಸಿಗೆಯ ಹತ್ತು ವಾರದ್ದಲ್ಲ, ಸಾಮಾನ್ಯವಾಗಿ ಆರು ತಿಂಗಳಿನದು. ವಿದ್ಯಾರ್ಥಿ, ಕಂಪನಿ, ಓದುವ ಸಂಸ್ಥೆ, ಮೂವರೂ ಸಹಿ ಹಾಕಿದ ಒಪ್ಪಂದಪತ್ರ ಇಲ್ಲದೆ ಸ್ತಾಜ್ ಇಲ್ಲ. ಒಂದೇ ಕಡೆ ಒಂದು ಶೈಕ್ಷಣಿಕ ವರ್ಷದಲ್ಲಿ ಆರು ತಿಂಗಳು ಮೀರುವಂತಿಲ್ಲ, ಎರಡು ತಿಂಗಳು ದಾಟಿದರೆ ಭತ್ಯೆ ಕೊಡಲೇಬೇಕು. ಕಾನೂನಿನ ಕನಿಷ್ಠ ಭತ್ಯೆ ಗಂಟೆಗೆ ನಾಲ್ಕು ಯೂರೋ ಚಿಲ್ಲರೆ; ದೊಡ್ಡ ಬ್ಯಾಂಕುಗಳು ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ. ಎಚ್‌ಇಸಿ, ಎಸೆಕ್, ಇಎಸ್‌ಸಿಪಿಯಂಥ ಸಂಸ್ಥೆಗಳ ಫ್ರೆಂಚ್ ವಿದ್ಯಾರ್ಥಿಗಳು ಮಾಸ್ಟರ್ಸ್ ನಡುವೆ ಒಂದು ವರ್ಷ ಬಿಡುವು ತೆಗೆದುಕೊಂಡು ಆರಾರು ತಿಂಗಳಿನ ಎರಡು ಸ್ತಾಜ್ ಮುಗಿಸುವುದು ರೂಢಿ. ಕೊನೆಯಲ್ಲಿ ಮೂರನೆಯದು. ಹೀಗೆ ಅವರು ಪದವಿ ಪಡೆಯುವಾಗಲೇ ಒಂದೂವರೆ ವರ್ಷ ದುಡಿದ ಅನುಭವ ಇರುತ್ತದೆ. ಪ್ಯಾರಿಸ್ಸಿನಲ್ಲಿ ಕಂಪನಿಗಳ ವಿಲೀನ, ಸ್ವಾಧೀನದ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಇಂಥವರ ಜೊತೆ ನಿಮ್ಮ ಅರ್ಜಿಯನ್ನೂ ಇಟ್ಟು ನೋಡುತ್ತಾರೆ.

ಹಾಗಾಗಿ ಫ್ರೆಂಚ್ ಸಂಸ್ಥೆಯೊಂದರ ಆಫರ್ ಬಂದರೆ ಮೊದಲು ಕೇಳಬೇಕಾದದ್ದು: ನನ್ನ ಕೋರ್ಸಿನಲ್ಲಿ ಬಿಡುವಿನ ವರ್ಷಕ್ಕೆ ಅವಕಾಶವಿದೆಯೇ? ಆ ವರ್ಷ ನನ್ನ ಸ್ತಾಜ್ ಒಪ್ಪಂದಕ್ಕೆ ಸಂಸ್ಥೆ ಸಹಿ ಹಾಕುತ್ತದೆಯೇ? ಅದಕ್ಕೆ ಬೇರೆ ಫೀಸು ಇದೆಯೇ? ಒಂದೇ ಸಂಸ್ಥೆಯ ಎರಡು ಕೋರ್ಸುಗಳಲ್ಲೇ ಉತ್ತರ ಬೇರೆ ಇರಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಿಕೊಳ್ಳಲು ಫ್ರಾನ್ಸ್ ಬೇರೆಯ ಪರವಾನಗಿಯನ್ನೇ ಕೊಡುತ್ತದೆ, ಭಾರತೀಯರಿಗೆ ಎರಡೂ ಸರ್ಕಾರಗಳ 2018ರ ಒಪ್ಪಂದದ ಅನುಕೂಲವೂ ಇದೆ. ಆದರೆ ಆ ಪರವಾನಗಿ ಸಿಗುವ ಹೊತ್ತಿಗೆ ವಿದ್ಯಾರ್ಥಿ ಎಂಬ ಗುರುತು ಕಳೆದುಹೋಗಿರುತ್ತದೆ, ಸ್ತಾಜ್ ಒಪ್ಪಂದ ಮತ್ತೆ ಸಿಗುವುದಿಲ್ಲ. ಓದಿನ ಕಾಲದಲ್ಲೇ ಎಷ್ಟು ಸ್ತಾಜ್ ಆಗುತ್ತದೋ ಅಷ್ಟೇ.

ಪ್ಯಾರಿಸ್ಸಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಆ ಊರಿನ ಹೆಸರು ಕೇಳಿದರೆ ಎಚ್‌ಇಸಿ ನೆನಪಾಗುತ್ತದೆ, ಆದರೆ ಅಲ್ಲಿನ ಫೈನಾನ್ಸಿಗೆ ಗಣಿತದ ಒಂದು ದೊಡ್ಡ ಮನೆತನವಿದೆ. 1900ರ ಮಾರ್ಚಿನಲ್ಲಿ ಲೂಯಿ ಬಾಶಲಿಯೆ ಎಂಬಾತ ಸೊರ್ಬಾನ್‌ನಲ್ಲಿ ಷೇರುಪೇಟೆಯ ಬೆಲೆಗಳ ಏರಿಳಿತವನ್ನು ಸಂಭವನೀಯತೆಯ ಗಣಿತದಿಂದ ವಿವರಿಸಿ ಡಾಕ್ಟರೇಟ್ ಪ್ರಬಂಧ ಮಂಡಿಸಿದ. ಅದನ್ನು ಪರಿಶೀಲಿಸಿದವರಲ್ಲಿ ಗಣಿತಜ್ಞ ಆನ್ರಿ ಪ್ವಾಂಕರೆ ಒಬ್ಬರು. ಅರ್ಧ ಶತಮಾನ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆಮೇಲೆ ಆಪ್ಷನ್‌ಗಳ ಬೆಲೆ ಕಟ್ಟುವ ಶಾಸ್ತ್ರದ ಮೂಲವೇ ಅದೆಂದು ಗುರುತಿಸಿದರು. ಆ ಪರಂಪರೆಯ ಮುಂದುವರಿಕೆಯಾಗಿ 1990ರಲ್ಲಿ ಗಣಿತಜ್ಞೆ ನಿಕೋಲ್ ಎಲ್ ಕರೂಯಿ ಸಂಭವನೀಯತೆ ಮತ್ತು ಫೈನಾನ್ಸಿನ ಮಾಸ್ಟರ್ಸ್ ಕಟ್ಟಿದರು. ಜಗತ್ತಿನ ಟ್ರೇಡಿಂಗ್ ಕೋಣೆಗಳಲ್ಲಿ ಇವತ್ತಿಗೂ ಆ ಕೋರ್ಸನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಸರ್ಕಾರಿ ವಿಶ್ವವಿದ್ಯಾಲಯದ ಕೋರ್ಸು, ಬಿಸಿನೆಸ್ ಸ್ಕೂಲಿನ ಹತ್ತನೇ ಒಂದು ಪಾಲಿನ ಫೀಸೂ ಇಲ್ಲ. ಆದರೆ ಅದಕ್ಕೆ ಗಟ್ಟಿ ಗಣಿತ ಬೇಕು, ಫ್ರೆಂಚ್ ಬೇಕು. ಗಣಿತದಲ್ಲಿ ಮನಸ್ಸಿರುವ, ಡೆರಿವೇಟಿವ್‌ಗಳ ಕೆಲಸವೇ ಬೇಕೆನ್ನುವ ಹುಡುಗ ಹುಡುಗಿಯರು ದುಬಾರಿ ಬಿಸಿನೆಸ್ ಸ್ಕೂಲಿಗೆ ಹೋಗಿ ಬ್ಯಾಲೆನ್ಸ್ ಶೀಟು ಓದುವುದನ್ನು ಕಲಿತು ಬರುವುದು ನನಗೆ ಬೇಸರ ತರಿಸುತ್ತದೆ. ಅವರು ಇಂಥ ಗಣಿತ ವಿಭಾಗಗಳನ್ನೋ, ಜ್ಯೂರಿಕ್ ವಿಶ್ವವಿದ್ಯಾಲಯವೂ ಇಟಿಎಚ್ ಸಂಸ್ಥೆಯೂ ಸೇರಿ ನಡೆಸುವ ಕ್ವಾಂಟಿಟೇಟಿವ್ ಫೈನಾನ್ಸ್ ಕೋರ್ಸನ್ನೋ ನೋಡಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ 1986ರಲ್ಲಿ ಹುಟ್ಟಿದ ಆಪ್ಟಿವರ್, ಅದಾದ ಮೂರು ವರ್ಷಕ್ಕೆ ಹುಟ್ಟಿದ ಐಎಂಸಿಯಂಥ ಟ್ರೇಡಿಂಗ್ ಸಂಸ್ಥೆಗಳೂ ಬಾಯಿಲೆಕ್ಕದ ಪರೀಕ್ಷೆ ಕೊಟ್ಟೇ ಒಳಗೆ ಬಿಟ್ಟುಕೊಳ್ಳುತ್ತವೆ.

ಭಾಷೆಯ ವಿಷಯವನ್ನು ಬಿಸಿನೆಸ್ ಸ್ಕೂಲುಗಳು ಮೆಲ್ಲಗೆ ಹೇಳುತ್ತವೆ. ಪಾಠ ಪೂರ್ತಿ ಇಂಗ್ಲಿಷಿನಲ್ಲೇ ಇರುತ್ತದೆ, ಅದು ನಿಜ. ಆದರೆ ಮಿಲಾನಿನ ಬ್ಯಾಂಕಿನಲ್ಲಿ ಕುಳಿತು ಇಟಲಿಯ ಕುಟುಂಬವೊಂದರ ಕಂಪನಿ ಮಾರಾಟಕ್ಕೆ ನೆರವಾಗುವವರು ಆ ಕುಟುಂಬದೊಡನೆ ಇಟಾಲಿಯನ್ ಮಾತಾಡಬೇಕು, ಇಟಾಲಿಯನ್ ಭಾಷೆಯ ಲೆಕ್ಕಪತ್ರ ಓದಬೇಕು. ಪ್ಯಾರಿಸ್ಸಿನಲ್ಲಿ ಫ್ರೆಂಚ್, ಫ್ರಾಂಕ್‌ಫರ್ಟಿನಲ್ಲಿ ಜರ್ಮನ್. ಗ್ರಾಹಕರ ಎದುರು ಕೂರದ ವಿಭಾಗಗಳಲ್ಲಿ, ಅಂದರೆ ಅಪಾಯದ ಲೆಕ್ಕ, ಟ್ರೇಡಿಂಗ್, ದತ್ತಾಂಶದ ಕಡೆ ಇಂಗ್ಲಿಷ್ ಸಾಕಾಗುವುದುಂಟು. ಹಾಗಾಗಿ ಬೊಕೋನಿಗೋ ಎಚ್‌ಇಸಿಗೋ ಹೋಗುವ ಹೊರದೇಶದ ಅನೇಕರ ಮನಸ್ಸಿನಲ್ಲಿ ಇರುವುದು ಲಂಡನ್ನೇ. ಮೊದಲು, ಯುರೋಪಿನ ಪಾಸ್‌ಪೋರ್ಟ್ ಇದ್ದವರಿಗಾದರೂ ಅದು ಸುಲಭವಿತ್ತು. 2020ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಕೆಲವು ಕೆಲಸಗಳು ಪ್ಯಾರಿಸ್, ಫ್ರಾಂಕ್‌ಫರ್ಟ್, ಡಬ್ಲಿನ್‌ಗಳಿಗೆ ಸರಿದವು. ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರವೇ 2019ರಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಬಂತು. ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಅಲ್ಲೇ ಓದಿದವರಿಗೆ ಮಾತ್ರ. ಮಿಲಾನಿನಲ್ಲಿ ಓದಿ ಲಂಡನ್ನಿಗೆ ಹೋಗಬೇಕಾದರೆ ಇಂಟರ್ನ್‌ಶಿಪ್ಪಿಗೂ ಯಾರಾದರೂ ಪ್ರಾಯೋಜಿಸಿದ ವೀಸಾ ಬೇಕು. ದೊಡ್ಡ ಬ್ಯಾಂಕು ಅದನ್ನು ಮಾಡಿಸಿಕೊಡಬಹುದು, ಮೂವತ್ತು ಜನರ ಸಣ್ಣ ಸಂಸ್ಥೆಗೆ ಆ ಗೊಡವೆ ಬೇಡವೆನಿಸುತ್ತದೆ.

ಇನ್ನು ರ್‍ಯಾಂಕಿಂಗ್. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ 2011ರಿಂದ ಫೈನಾನ್ಸ್ ಮಾಸ್ಟರ್ಸ್ ಪಟ್ಟಿ ಪ್ರಕಟಿಸುತ್ತಿದೆ. ಅದು ಶ್ರಮಪಟ್ಟು ಮಾಡಿದ ಪಟ್ಟಿ, ತಳ್ಳಿಹಾಕುವಂಥದ್ದಲ್ಲ. ಆದರೆ ಅದರಲ್ಲಿ ಹೆಚ್ಚು ತೂಕವಿರುವ ಸಂಬಳದ ಅಂಕಿಯನ್ನು ನಾವು ತಪ್ಪಾಗಿ ಓದುತ್ತೇವೆ. ಓದು ಮುಗಿಸಿ ಮೂರು ವರ್ಷವಾದವರ ಸಂಬಳವನ್ನು ಡಾಲರಿಗೆ ಬದಲಾಯಿಸುವಾಗ ಅವರು ಮಾರುಕಟ್ಟೆಯ ವಿನಿಮಯ ದರ ಹಿಡಿಯುವುದಿಲ್ಲ, ಕೊಳ್ಳುವ ಶಕ್ತಿಯ ಸಮಾನತೆಯ ದರ ಹಿಡಿಯುತ್ತಾರೆ. ಭಾರತದ ಮಟ್ಟಿಗೆ ಆ ದರ ಡಾಲರಿಗೆ ಸುಮಾರು 20 ರೂಪಾಯಿ. ಓದಿ ಮುಂಬೈಗೆ ಮರಳಿ ವರ್ಷಕ್ಕೆ 20 ಲಕ್ಷ ರೂಪಾಯಿ ದುಡಿಯುವವರ ಸಂಬಳ ಈ ಲೆಕ್ಕದಲ್ಲಿ ಒಂದು ಲಕ್ಷ ಡಾಲರಿನ ಹತ್ತಿರ ಹೋಗುತ್ತದೆ. ಬ್ಯಾಂಕಿನಲ್ಲಿ ಬದಲಾಯಿಸಿದರೆ ಅದರ ಕಾಲುಭಾಗವೂ ಬರುವುದಿಲ್ಲ. ಭಾರತ, ಚೀನಾಗಳಿಗೆ ಮರಳುವವರು ಹೆಚ್ಚಿರುವ ಕೋರ್ಸಿನ ಸರಾಸರಿಗೆ ಇದರಿಂದ ಬಲ ಬರುತ್ತದೆ. ದೇಶದೇಶಗಳ ಜೀವನಮಟ್ಟ ಹೋಲಿಸಲು ಆ ವಿಧಾನ ಸರಿಯೇ. ಯೂರೋ ಫೀಸಿಗೆ ಮಾಡಿದ ಸಾಲ ತೀರಿಸಬೇಕಾದ ಮನೆಗೆ ಅದರಿಂದ ಉಪಯೋಗವಿಲ್ಲ. ಜೊತೆಗೆ, ಪಟ್ಟಿಗೆ ಸೇರಬೇಕಾದರೆ ಕೆಲವು ಅಂತರರಾಷ್ಟ್ರೀಯ ಮಾನ್ಯತೆಗಳಿರಬೇಕು, ಸಂಸ್ಥೆ ತಾನಾಗಿ ಮಾಹಿತಿ ಕೊಡಬೇಕು. ಆದ್ದರಿಂದ ಪಟ್ಟಿಯಲ್ಲಿ ಹೆಸರಿಲ್ಲದ್ದು ಕಳಪೆ ಎಂದು ತಿಳಿಯಬೇಕಾಗಿಲ್ಲ.

ಪಟ್ಟಿಗೂ ಬದುಕಿಗೂ ಇರುವ ದೂರಕ್ಕೆ ಸೇಂಟ್ ಗ್ಯಾಲನ್ ನಿದರ್ಶನ. 1898ರಲ್ಲಿ ಸ್ಥಾಪನೆಯಾದ ಸರ್ಕಾರಿ ವಿಶ್ವವಿದ್ಯಾಲಯ ಅದು. ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಪಟ್ಟಿಯಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನದಲ್ಲಿತ್ತು, ಫೈನಾನ್ಸಿನಲ್ಲೂ ಮುಂಚೂಣಿಯಲ್ಲಿದೆ. ಹೊರದೇಶದವರಿಗೂ ಸೆಮಿಸ್ಟರಿಗೆ ಮೂರು ಸಾವಿರ ಫ್ರಾಂಕ್ ಚಿಲ್ಲರೆ ಫೀಸು ಸಾಕು. ಇಷ್ಟನ್ನು ನೋಡಿದರೆ ಬೇರೆಡೆ ಹೋಗಲು ಕಾರಣವೇ ಕಾಣುವುದಿಲ್ಲ. ಆದರೆ ಯುರೋಪಿನ ಹೊರಗಿನವರಿಗೆ ಓದು ಮುಗಿದ ಮೇಲೆ ಕೆಲಸ ಹುಡುಕಲು ಸ್ವಿಟ್ಜರ್ಲೆಂಡ್ ಕೊಡುವುದು ಆರು ತಿಂಗಳು ಮಾತ್ರ. ಇಡೀ ದೇಶಕ್ಕೆ ಹೊರದೇಶದ ನೌಕರರ ಪರವಾನಗಿಗೆ ವರ್ಷಕ್ಕೆ 8,500ರ ಮಿತಿಯಿದೆ. ಸಾಲದ್ದಕ್ಕೆ 2023ರ ಮಾರ್ಚಿನಲ್ಲಿ ಕ್ರೆಡಿಟ್ ಸ್ವಿಸ್ ಕುಸಿದು ಯುಬಿಎಸ್ ಪಾಲಾಯಿತು, ಹೊಸಬರನ್ನು ತೆಗೆದುಕೊಳ್ಳುತ್ತಿದ್ದ ಎರಡು ದೊಡ್ಡ ಬ್ಯಾಂಕುಗಳ ಜಾಗದಲ್ಲಿ ಒಂದು ಉಳಿಯಿತು. ಜರ್ಮನ್ ಚೆನ್ನಾಗಿ ಬಲ್ಲವರಿಗೆ, ಅಲ್ಲಿ ಓದಿ ಬೇರೆ ದೇಶಕ್ಕೆ ಹೋಗುವ ಯೋಜನೆ ಇರುವವರಿಗೆ ಅದು ಈಗಲೂ ಒಳ್ಳೆಯ ಜಾಗ. ಉಳಿದವರು ಈ ಆರು ತಿಂಗಳನ್ನು ನೆನಪಿನಲ್ಲಿಟ್ಟುಕೊಂಡೇ ಹೋಗಬೇಕು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಷ್ಟು ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಿಲ್ಲ ಅನ್ನಿಸುತ್ತದೆ. ಫ್ರಾಂಕ್‌ಫರ್ಟಿನ ಗಯಟೆ ವಿಶ್ವವಿದ್ಯಾಲಯ ಇರುವುದು ಹೆಸ್ಸೆನ್ ರಾಜ್ಯದಲ್ಲಿ, ಬೋಧನಾ ಶುಲ್ಕವಿಲ್ಲ. ಯುರೋಪಿಯನ್ ಕೇಂದ್ರ ಬ್ಯಾಂಕು ಅದೇ ಊರಿನಲ್ಲಿದೆ. ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಮಾನ್‌ಹೈಮ್ ಪಕ್ಕದ ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ ಸೇರಿದ್ದು, ಅಲ್ಲಿ 2017ರಿಂದ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ. ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ತೊಡಕು ಸೇರ್ಪಡೆಯಲ್ಲಿದೆ. ಪದವಿಯಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರದ ಇಂತಿಷ್ಟು ಕ್ರೆಡಿಟ್ ಇರಲೇಬೇಕೆಂದು ಅವರು ಎಣಿಸಿ ನೋಡುತ್ತಾರೆ; ಬಿ.ಕಾಂ., ಬಿಬಿಎ ಓದಿದವರು ದಾಟಬಹುದಾದ ಈ ಗೆರೆಯಲ್ಲಿ ಬಿ.ಇ. ಮಾಡಿದವರು ಸಿಕ್ಕಿಬೀಳುತ್ತಾರೆ. 2022ರ ನವೆಂಬರಿನಿಂದ ಭಾರತೀಯರಿಗೆ, ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚಿನ 11,904 ಯೂರೋವನ್ನು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ ಇಡಬೇಕು.

ಡಬ್ಲಿನ್, ಆಮ್‌ಸ್ಟರ್‌ಡ್ಯಾಮುಗಳ ಬಗ್ಗೆ ಎರಡು ಮಾತು ಸಾಕು. ಐರ್ಲೆಂಡಿನಲ್ಲಿ ಇಂಗ್ಲಿಷೇ ಭಾಷೆ, ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷ ಉಳಿಯುವ ಅವಕಾಶ. ಫಂಡುಗಳ ಲೆಕ್ಕ, ವಿಮಾನಗಳ ಲೀಸಿಂಗ್ ಅಲ್ಲಿನ ದೊಡ್ಡ ಉದ್ಯಮ. ನೆದರ್‌ಲೆಂಡ್ಸ್ ಒಂದು ವರ್ಷ ಕೊಡುತ್ತದೆ, ಆ ಅವಧಿಯಲ್ಲಿ ನೌಕರಿ ಸಿಕ್ಕವರಿಗೆ ಪರವಾನಗಿಯ ಸಂಬಳದ ಮಿತಿಯನ್ನೂ ಇಳಿಸುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಲೆಕ್ಕಕ್ಕೆ ಸುಲಭವಾಗಲೆಂದು ಯೂರೋಗೆ ನೂರು ರೂಪಾಯಿ ಎಂದು ಹಿಡಿಯೋಣ. ಎಚ್‌ಇಸಿಯಂಥ ಕಡೆ ಫೀಸೇ 40 ಸಾವಿರ ಯೂರೋ ಸುಮಾರು, ಅಂದರೆ 40 ಲಕ್ಷ. ಬೊಕೋನಿಯಲ್ಲಿ ವರ್ಷಕ್ಕೆ 15 ಸಾವಿರ ಯೂರೋ ಮೀರುತ್ತದೆ. ಮಾನ್‌ಹೈಮಿನಲ್ಲಿ ನಾಲ್ಕು ಸೆಮಿಸ್ಟರಿಗೆ ಆರು ಲಕ್ಷ. 40 ಲಕ್ಷವನ್ನು ಶೇ 10.5ರ ಬಡ್ಡಿಗೆ ತಂದರೆ ವರ್ಷಕ್ಕೆ 4 ಲಕ್ಷ 20 ಸಾವಿರ ಬಡ್ಡಿ. ಓದುವ ಕಾಲದಲ್ಲಿ ಕಂತು ಕಟ್ಟಬೇಕಾಗಿಲ್ಲ ಎಂದರೂ ಬಡ್ಡಿ ಓಡುತ್ತಲೇ ಇರುತ್ತದೆ. ಆದಾಯ ತೆರಿಗೆಯ 80ಇ ಸೆಕ್ಷನ್ನಿನಲ್ಲಿ ಎಂಟು ವರ್ಷ ಬಡ್ಡಿಗೆ ವಿನಾಯಿತಿ ಉಂಟು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. 2025ರ ಏಪ್ರಿಲಿನಿಂದ ಶಿಕ್ಷಣ ಸಾಲದ ಹಣವನ್ನು ಹೊರದೇಶಕ್ಕೆ ಕಳಿಸುವಾಗ ಮೂಲದಲ್ಲೇ ಹಿಡಿಯುತ್ತಿದ್ದ ಟಿಸಿಎಸ್ ಎಂಬ ತೆರಿಗೆಯನ್ನು ತೆಗೆದಿದ್ದಾರೆ, ಅದೊಂದು ಅನುಕೂಲ. ಫ್ರಾನ್ಸ್ ಸರ್ಕಾರದ ಐಫೆಲ್ ವಿದ್ಯಾರ್ಥಿವೇತನಕ್ಕೆ ನಾವು ನೇರ ಅರ್ಜಿ ಹಾಕುವಂತಿಲ್ಲ, ಸಂಸ್ಥೆಯೇ ಹೆಸರು ಸೂಚಿಸಬೇಕು. ಆದ್ದರಿಂದ ಪ್ರವೇಶದ ಅರ್ಜಿಯನ್ನು ಮೊದಲ ಸುತ್ತಿನಲ್ಲೇ ಹಾಕಿದವರಿಗೆ ಅದರ ದಾರಿ ತೆರೆದಿರುತ್ತದೆ.

ಬೆಂಗಳೂರಿನವರಿಗೆ ಬೇರೆಯಾಗಿ ಒಂದು ಮಾತಿದೆ. 2004ರಲ್ಲಿ ಇಲ್ಲಿ ಕಚೇರಿ ತೆರೆದ ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ಸೊಸಿಯೆಟೆ ಜನರಾಲ್ ಮುಂತಾದ ಬ್ಯಾಂಕುಗಳ ಕೇಂದ್ರಗಳಲ್ಲಿ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ದುಡಿಯುತ್ತಿದ್ದಾರೆ. ಮೂರು ನಾಲ್ಕು ವರ್ಷ ಹಾಗೆ ದುಡಿದವರು ಅನುಭವವಿಲ್ಲದವರಿಗೆಂದೇ ಮಾಡಿದ ಕೋರ್ಸಿಗೆ ಸೇರಿದರೆ ಇಪ್ಪತ್ತೊಂದರ ಹುಡುಗರ ಜೊತೆ ಮತ್ತೆ ಮೊದಲಿನಿಂದ ಇಂಟರ್ನ್ ಆಗಬೇಕಾಗುತ್ತದೆ. ಅವರಿಗೆ ಅನುಭವ ಕೇಳುವ ಕೋರ್ಸುಗಳೇ ಬೇರೆ ಇವೆ: ಕೇಂಬ್ರಿಜ್‌ನ ಮಾಸ್ಟರ್ ಆಫ್ ಫೈನಾನ್ಸ್, ಲಂಡನ್ ಬಿಸಿನೆಸ್ ಸ್ಕೂಲಿನ ಮಾಸ್ಟರ್ಸ್ ಇನ್ ಫೈನಾನ್ಸ್. ಲಂಡನ್ ಬಿಸಿನೆಸ್ ಸ್ಕೂಲಿನಲ್ಲೇ ಹೊಸಬರಿಗೆ ಫೈನಾನ್ಷಿಯಲ್ ಅನಾಲಿಸಿಸ್ ಎಂಬ ಬೇರೆ ಕೋರ್ಸಿದೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬಾರದು. ಸಾಲಕ್ಕೆ ಸಹಿ ಹಾಕುವ ಮೊದಲು ತಮ್ಮ ಬ್ಯಾಂಕಿನೊಳಗೇ ಲಂಡನ್ನಿಗೋ ಪ್ಯಾರಿಸ್ಸಿಗೋ ವರ್ಗವಾಗುವ ದಾರಿ ಉಂಟೇ ಎಂದು ಮೇಲಧಿಕಾರಿಯನ್ನು ಕೇಳುವುದೂ ಒಳ್ಳೆಯದು.

ಆಮೇಲೆ ಉಳಿಯುವುದು ಸಂಸ್ಥೆಯನ್ನೇ ಕೇಳುವ ಕೆಲಸ. ‘ನಿಮ್ಮಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ’ ಎಂದು ಕೇಳಿದರೆ ಎಲ್ಲರೂ ತೊಂಬತ್ತರ ಮೇಲಿನ ಶೇಕಡಾವಾರು ಹೇಳುತ್ತಾರೆ. ಆ ಅಂಕಿಯಲ್ಲಿ ತಮ್ಮದೇ ದೇಶದ, ತಮ್ಮದೇ ಭಾಷೆಯ ವಿದ್ಯಾರ್ಥಿಗಳೂ ಸೇರಿರುತ್ತಾರೆ. ಯುರೋಪಿನ ಪಾಸ್‌ಪೋರ್ಟ್ ಇಲ್ಲದ, ಸ್ಥಳೀಯ ಭಾಷೆ ಬಾರದೆ ಬಂದ ವಿದ್ಯಾರ್ಥಿಗಳು ಕಳೆದ ಎರಡು ವರ್ಷದಲ್ಲಿ ಎಷ್ಟು ಮಂದಿ, ಅವರಲ್ಲಿ ಈ ದೇಶದಲ್ಲೇ ಕೆಲಸ ಹಿಡಿದವರು ಎಷ್ಟು, ಯಾವ ವಿಭಾಗದಲ್ಲಿ, ಎಷ್ಟು ತಿಂಗಳಿಗೆ ಎಂದು ಇಮೇಲಿನಲ್ಲಿ ಕೇಳಿ. ಅಂಥವರಲ್ಲಿ ಇಬ್ಬರು ಮೂವರ ಸಂಪರ್ಕ ಕೊಡಿಸಿ ಎಂದೂ ಕೇಳಿ. ಪ್ರವೇಶ ವಿಭಾಗದವರು ಸಾಮಾನ್ಯವಾಗಿ ಕೊಡಿಸುತ್ತಾರೆ. ಫ್ರಾಂಕ್‌ಫರ್ಟ್ ಸೇರಿದಂತೆ ಯುರೋಪಿನ ಹಲವು ಊರುಗಳಲ್ಲಿ ಕನ್ನಡ ಸಂಘಗಳಿವೆ, ಅಲ್ಲಿ ಬ್ಯಾಂಕುಗಳಲ್ಲಿ ದುಡಿಯುವವರು ಸಿಗುತ್ತಾರೆ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಒಮ್ಮೆ ಕಟ್ಟಿದ ಡೆಪಾಸಿಟ್ ಬಹುತೇಕ ಕಡೆ ಮರಳಿ ಬರುವುದಿಲ್ಲ, ಆದ್ದರಿಂದ ಈ ಉತ್ತರಗಳು ಕೈಗೆ ಬರುವವರೆಗೆ ಗಡುವು ವಿಸ್ತರಿಸಲು ಬರೆದು ಕೇಳಿಕೊಳ್ಳಿ. ಒಂದೆರಡು ವಾರ ಕೊಡುವ ಸಂಸ್ಥೆಗಳು ಇವೆ.